ಓದಲು ಒಬ್ಬ, ಹಾಡಲು ಒಬ್ಬಳು

ಖಾನಾಪುರ ತಾಲೂಕಿನ ಹಳ್ಳಿಯೊಂದರಿಂದ ಐದನೆಯ ತರಗತಿಯ ಹುಡುಗಿಯೊಬ್ಬಳು ನನಗೆ ಕಾರ್ಡು ಬರೆದಿದ್ದಳು. ವಿಳಾಸದ ಪಕ್ಕದ ಖಾಲಿ ಜಾಗವನ್ನೂ ಬಿಡದೆ ತುಂಬಿಸಿದ್ದಳು. ಅವಳ ಪ್ರಶ್ನೆ ಇಷ್ಟು: "ನಮ್ಮ ಅಟ್ಟದ ಮೇಲೆ ಮುತ್ತಜ್ಜನ ಹಾಡಿನ ವಹಿ ಸಿಕ್ಕಿದೆ. ನನಗೆ ಆ ಅಕ್ಷರ ಬರೋದಿಲ್ಲ. ಬಾಜೂಮನಿ ಹುಡುಗ ಮರಾಠಿ ಶಾಲೆಗೆ ಹೋಗ್ತಾನೆ. ಅವನು ಪಟಪಟ ಓದಿದ. ಆದರೆ ಇದು ಮರಾಠಿ ಅಲ್ಲ, ನನಗೇನೂ ತಿಳಿಯೋದಿಲ್ಲ ಅಂದ. ಹಂಗಾದರ ಇದು ಯಾವ ಭಾಷೆ?"

ಪ್ರಶ್ನೆ ಓದಿದ ಕೂಡಲೇ ಉತ್ತರ ಹೊಳೆಯಿತು. ಆದರೂ ಕಣ್ಣಿನಿಂದ ನೋಡದೆ ಹೇಳಬಾರದು ಎಂದು ಒಂದು ಭಾನುವಾರ ಬೆಳಗಾವಿಯಿಂದ ಖಾನಾಪುರದ ಬಸ್ಸು ಹತ್ತಿದೆ.

ಕೆಂಪು ಬಟ್ಟೆಯಲ್ಲಿ ಸುತ್ತಿಟ್ಟ ಉದ್ದನೆಯ ವಹಿ ಅದು. ಕಿರಾಣಿ ಅಂಗಡಿಯ ಖಾತೆ ಪುಸ್ತಕದ ಹಾಗೆ. ಅಕ್ಷರ ಬಾಲಬೋಧ, ಅಂದರೆ ಮಕ್ಕಳೇ, ನೀವು ಮುಂದೆ ಹಿಂದಿ ಪಾಠದಲ್ಲಿ ಕಲಿಯುವ ಅದೇ ದೇವನಾಗರಿ. ನಡುವೆ ಎರಡು ಹಾಳೆ ಮಾತ್ರ ಮೋಡಿ ಅಕ್ಷರದಲ್ಲಿತ್ತು. ಪಕ್ಕದ ಮನೆಯ ಹುಡುಗನನ್ನು ಕರೆಸಿದೆವು. ಅವನು ಕಟ್ಟೆಯ ಮೇಲೆ ಕೂತು ಜೋರಾಗಿ ಓದತೊಡಗಿದ. ಎಲ್ಲಿ ಶಬ್ದ ಮುಗಿಯುತ್ತದೆ, ಎಲ್ಲಿ ಶುರುವಾಗುತ್ತದೆ ಎನ್ನುವುದು ಅವನಿಗೆ ಗೊತ್ತಿಲ್ಲ. ಬರೆದವರೂ ಶಬ್ದಗಳ ನಡುವೆ ಜಾಗ ಬಿಟ್ಟಿಲ್ಲ. ರೈಲು ಬೋಗಿಗಳಂತೆ ಎಲ್ಲ ಒಂದಕ್ಕೊಂದು ಅಂಟಿಕೊಂಡಿವೆ. ನಾಲ್ಕನೆಯ ಸಾಲಿಗೆ ಬರುವಷ್ಟರಲ್ಲಿ ಒಳಗೆ ಅಕ್ಕಿ ಆರಿಸುತ್ತಿದ್ದ ಅಜ್ಜಿ ಮೊರ ಕೆಳಗಿಟ್ಟು ಹೊರಗೆ ಬಂದರು. ತೊಂಬತ್ತರ ಹತ್ತಿರದ ವಯಸ್ಸು, ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಹುಡುಗ ಐದನೆಯ ಸಾಲು ಓದುವ ಮೊದಲೇ ಅವರು ಅದನ್ನು ಹಾಡಿಬಿಟ್ಟರು.

"ಇದು ನಮ್ಮ ಮಾವನ ಪದ," ಎಂದರು.

ಭಾಷೆ ಕನ್ನಡ. ಅಕ್ಷರ ಮಾತ್ರ ನೆರೆಮನೆಯದು.

ಇದರಲ್ಲಿ ಅಚ್ಚರಿಯೇನೂ ಇಲ್ಲ. ಬೆಳಗಾವಿ 1956ರವರೆಗೆ ಮುಂಬಯಿಯ ಆಡಳಿತದಲ್ಲಿತ್ತು. ಅದಕ್ಕೂ ಮೊದಲು, ಪೇಶ್ವೆಯರ ಕಾಲದಿಂದಲೇ, ಕಚೇರಿಯ ಭಾಷೆ ಮರಾಠಿ, ಕಚೇರಿಯ ಅಕ್ಷರ ಮೋಡಿ. ಮನೆಯಲ್ಲಿ ಕನ್ನಡ ಮಾತಾಡುವ ಎಷ್ಟೋ ಮಕ್ಕಳು ಶಾಲೆಯಲ್ಲಿ ಮರಾಠಿ ಕಲಿತರು. 19ನೆಯ ಶತಮಾನದಲ್ಲಿ ಡೆಪ್ಯುಟಿ ಚನ್ನಬಸಪ್ಪನವರಂಥವರು ಹಟ ಹಿಡಿದು ಕನ್ನಡ ಶಾಲೆಗಳನ್ನು ಬೆಳೆಸಿದರು. ಅವರ ಹೆಸರನ್ನು ಈ ಭಾಗದ ಅಜ್ಜ-ಅಜ್ಜಿಯರು ಕೇಳಿಯೇ ಇರುತ್ತೀರಿ. ಆದರೂ ಖಾನಾಪುರದಂಥ ಎರಡು ಭಾಷೆಯ ಸೀಮೆಯಲ್ಲಿ ಯಾವ ಶಾಲೆ ಹತ್ತಿರವೋ ಆ ಶಾಲೆಯ ಅಕ್ಷರವೇ ಕೈಗೆ ಬರುತ್ತಿತ್ತು. ಬಾಯಲ್ಲಿ ಬಂದ ಹಾಡನ್ನು ಕೈಗೆ ಬಂದ ಅಕ್ಷರದಲ್ಲಿ ಬರೆದಿಟ್ಟರು, ಅಷ್ಟೆ. ಇದಕ್ಕೆ ಎದುರಾಗಿ ಮರಾಠಿ ಅಭಂಗಗಳನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಂಡು ಹಾಡುವ ಭಜನೆ ಮಂಡಳಿಗಳೂ ನಮ್ಮ ಕಡೆ ಇವೆ.

ಈಗ ಓದುವ ಕೆಲಸಕ್ಕೆ ಬರೋಣ. ಇದು ಒಗಟು ಬಿಡಿಸಿದಂತೆ, ಮಕ್ಕಳಿಗೆ ಬಹಳ ಹಿಡಿಸುತ್ತದೆ.

ಮರಾಠಿಯ ಅಕ್ಷರಮಾಲೆಯಲ್ಲಿ ನಮ್ಮ 'ಳ' ಇದೆ. ಹಾಗಾಗಿ ಮಳೆ, ಹೊಳೆ, ಬಳೆ ಎಲ್ಲ ಬರೆಯಬಹುದು. ತೊಂದರೆ ಇರುವುದು ಎ ಮತ್ತು ಒ ಸ್ವರಗಳಲ್ಲಿ. ನಮಗೆ ಎ ಬೇರೆ, ಏ ಬೇರೆ. ಒ ಬೇರೆ, ಓ ಬೇರೆ. ಬಾಲಬೋಧದಲ್ಲಿ ಎರಡಕ್ಕೂ ಒಂದೇ ಗುರುತು, ಅದನ್ನು ಮರಾಠಿಯವರು ಉದ್ದವಾಗಿಯೇ ಓದುತ್ತಾರೆ. ನಮ್ಮ ಹುಡುಗ ಒಂದು ಕಡೆ "ದೇವರೇ ಕೋಡು" ಎಂದು ಓದಿದ. ಕೋಡು ಎಂದರೆ ಎಮ್ಮೆಯ ಕೊಂಬು! ದೇವರಲ್ಲಿ ಕೊಂಬು ಬೇಡುವ ಭಕ್ತ ಯಾರಪ್ಪಾ ಎಂದು ಹುಡುಗಿ ಬಿದ್ದು ಬಿದ್ದು ನಕ್ಕಳು. ಅದು 'ಕೊಡು'. ಇನ್ನೊಂದು ಕಡೆ ಮಳೆಯ ಮಾತು ಬಂದ ಮೇಲೆ "ಬೇಳಿ" ಎಂದ. ಅಜ್ಜಿ ಅಲ್ಲೇ ತಡೆದರು. "ಬೇಳಿ ಅಲ್ಲೋ ತಮ್ಮಾ, ಬೆಳಿ. ಹೊಲದಾಗಿನ ಬೆಳಿ." ಪುಸ್ತಕದ ಕನ್ನಡ ಓದಿದವರಿಗೆ ಇಲ್ಲಿ ಬೆಳೆಯೋ ಬೇಳೆಯೋ ಎಂಬ ಗೊಂದಲ ಆಗಬಹುದು. ಅಜ್ಜಿಗೆ ಆ ಗೊಂದಲವೇ ಇಲ್ಲ, ಅವರ ಬಾಯಲ್ಲಿ ಸಾರಿನದು 'ಬ್ಯಾಳಿ'. ಆಡುಮಾತಿನ ಲಾಭ ನೋಡಿ!

ನಮ್ಮ ಕನ್ನಡದ ಹಳೆಯ ಓಲೆಗರಿಗಳಲ್ಲೂ ಎ ಮತ್ತು ಏ ಬೇರೆ ಬೇರೆ ತೋರಿಸುವ ರೂಢಿ ಗಟ್ಟಿಯಾಗಿರಲಿಲ್ಲ. ಓದುವವನು ಅರ್ಥ ನೋಡಿ ಎಳೆದುಕೊಳ್ಳಬೇಕಿತ್ತು. ಹಾಗಾಗಿ ಮರಾಠಿ ಅಕ್ಷರವನ್ನು ದೂರುವಂತಿಲ್ಲ.

ಮೋಡಿಯ ಎರಡು ಹಾಳೆಗಳನ್ನು ಹುಡುಗನೂ ಓದಲಾರ, ನಾನೂ ಓದಲಾರೆ. ಮೋಡಿ ಎಂದರೆ ಲೇಖನಿ ಎತ್ತದೆ ಸರಸರ ಬರೆಯುವ ಬರಹ. ಮೊದಲು ಹಾಳೆಯ ಈ ತುದಿಯಿಂದ ಆ ತುದಿಗೆ ಒಂದು ಗೆರೆ ಎಳೆದು, ಆಮೇಲೆ ಅದಕ್ಕೆ ಅಕ್ಷರಗಳನ್ನು ತೂಗುಹಾಕುತ್ತ ಹೋಗುತ್ತಾರೆ. ಹಗ್ಗದ ಮೇಲೆ ಬಟ್ಟೆ ಒಣಹಾಕಿದ ಹಾಗೆ ಕಾಣುತ್ತದೆ. ಬೆಳಗಾವಿಯಲ್ಲಿ ಹಳೆಯ ಜಮೀನಿನ ಕಾಗದ ಓದಿಕೊಡುವ ಒಬ್ಬ ಹಿರಿಯರಿದ್ದಾರೆ, ಆ ಹಾಳೆಗಳ ಫೋಟೋವನ್ನು ಅವರ ಬಳಿಗೆ ಒಯ್ದೆ. ಅವರು ಕನ್ನಡಕ ಏರಿಸಿ, ಇಳಿಸಿ, ಕೊನೆಗೆ ಒಂದು ಶಬ್ದದ ಮುಂದೆ ನಿಂತರು. ಮೋಡಿಯಲ್ಲಿ ಇ-ಈ, ಉ-ಊ ಎಂಬ ಹ್ರಸ್ವ ದೀರ್ಘದ ಲೆಕ್ಕ ಇಡುವುದಿಲ್ಲ. ಆ ಶಬ್ದ ಹುಲಿ ಆಗಬಹುದು, ಹೂಲಿಯೂ ಆಗಬಹುದು. ಹಾಡು ಸವದತ್ತಿ ಎಲ್ಲಮ್ಮನ ಜಾತ್ರೆಗೆ ನಡೆದುಹೋಗುವವರದು. ಸವದತ್ತಿಯ ಹತ್ತಿರ ಹೂಲಿ ಎಂಬ ಊರಿದೆ. ಹಾಗಾಗಿ ನಾವು ಹೂಲಿ ಎಂದು ಓದಿದೆವು. ಹುಡುಗಿಗೆ ಮಾತ್ರ ಹುಲಿಯೇ ಬೇಕಾಗಿತ್ತು!

ವಹಿ ಬರೆದದ್ದು ಯಾವಾಗ? ಒಂದು ಹಾಳೆಯ ಕೆಳಗೆ "ನಂದನ ನಾಮ ಸಂವತ್ಸರ, ಶ್ರಾವಣ" ಎಂದಷ್ಟೇ ಇತ್ತು. ಇಸವಿ ಇಲ್ಲ, ಶಕ ಇಲ್ಲ. ಸಂವತ್ಸರದ ಹೆಸರುಗಳು 60. ಅವು ಗಾಣದೆತ್ತಿನಂತೆ ಸುತ್ತುತ್ತವೆ. ನಂದನ 2012ರಲ್ಲಿ ಬಂದಿತ್ತು. 60 ಕಳೆದರೆ 1952. ಇನ್ನೊಂದು 60 ಕಳೆದರೆ 1892. ಎರಡರಲ್ಲಿ ಯಾವುದು? ಈ ಸಲ ಪತ್ತೆದಾರಿ ಮಾಡಿದ್ದು ಹುಡುಗ. ನಂದನ ಎಂದು ಬರೆದ ಹಾಳೆಗಿಂತ ಎಷ್ಟೋ ಮುಂಚಿನ ಹಾಳೆಯಲ್ಲಿ, ಅದೇ ಕೈಬರಹದಲ್ಲಿ, ಒಂದು ಭಜನೆಯ ತಲೆಯ ಮೇಲೆ "ರತನ್ ಸಿನೆಮಾ ಚಾಲ" ಎಂದು ಬರೆದಿದೆ. 'ರತನ್' ಹಿಂದಿ ಚಿತ್ರ ತೆರೆಗೆ ಬಂದದ್ದು 1944ರಲ್ಲಿ. ನೌಷಾದರ ಸಂಗೀತ, ಊರೂರಲ್ಲಿ ಅದರದೇ ಗುಂಗು. ಅಂದ ಮೇಲೆ 1892 ಆಗಲು ಸಾಧ್ಯವೇ ಇಲ್ಲ. 1952ರ ಶ್ರಾವಣ. ದೇವರ ಭಜನೆಗೆ ಸಿನೆಮಾದ ಧಾಟಿ ಹಾಕಿದ್ದಕ್ಕೆ ಕೆಲವರು ಮುಖ ಸಿಂಡರಿಸಬಹುದು. ನನಗಂತೂ ಆ ಮುತ್ತಜ್ಜ ಅಲ್ಲೇ ಹಿಡಿಸಿಬಿಟ್ಟರು.

ಚಾಲ ಎಂಬ ಈ ಶಬ್ದವನ್ನು ಸ್ವಲ್ಪ ನಿಂತು ನೋಡಬೇಕು. ನಮ್ಮ ಹಾಡಿನ ವಹಿಗಳ ಗುಟ್ಟೆಲ್ಲ ಅದರಲ್ಲಿದೆ.

ಇಂಥ ವಹಿಯಲ್ಲಿ ಸರಿಗಮ ಇರುವುದಿಲ್ಲ. ಹಾಡಿನ ತಲೆಯ ಮೇಲೆ "ಇಂಥ ಹಾಡಿನ ಚಾಲ" ಅಥವಾ "ಇಂಥ ಮಟ್ಟು" ಎಂದು ಬರೆದಿರುತ್ತಾರೆ. ಅಂದರೆ ನಿನಗೆ ಆ ಹಾಡು ಗೊತ್ತಲ್ಲ, ಅದರಂತೆ ಇದನ್ನೂ ಹಾಡು ಎಂದು. ಲಾವಣಿಯಾದರೆ ಪಲ್ಲ, ನುಡಿ, ಏರು, ಇಳುವು, ಚಾಲ ಎಂಬ ಭಾಗಗಳಿವೆ. ಎಲ್ಲಿ ದನಿ ಏರಬೇಕು, ಎಲ್ಲಿ ಇಳಿಯಬೇಕು, ಎಲ್ಲಿ ನಡಿಗೆ ಬದಲಾಗಬೇಕು ಎಂಬ ಸೂಚನೆ. ನಮ್ಮ ವಹಿಯಲ್ಲಿ ಅದೂ ಪೂರ್ತಿ ಇಲ್ಲ. ಏ, ಇ, ಚಾ ಎಂಬ ಒಂದೊಂದೇ ಅಕ್ಷರ. ಪಲ್ಲವನ್ನು ಮೊದಲ ಸಲ ಪೂರ್ತಿ ಬರೆದು ಆಮೇಲೆ ಪ್ರತಿ ನುಡಿಯ ಕೊನೆಗೆ ಎರಡು ಗೆರೆಯ ನಡುವೆ 'ಪ'. ಮೇಳದವರು ಹಿಂದಿನಿಂದ ದನಿಗೂಡಿಸುವ "ಜೀ ಜೀ" ಎಂಬುದಂತೂ ಎಲ್ಲೂ ಬರೆದಿಲ್ಲ. ಅಜ್ಜಿ ಅದನ್ನು ಹಾಡಿದಾಗ ಹುಡುಗಿ ವಹಿ ತಿರುವಿ ತಿರುವಿ, "ಎಲ್ಲೂ ಇಲ್ಲ, ನೀ ಎಲ್ಲಿಂದ ತಂದಿ?" ಎಂದಳು.

"ಅದನ್ನೇನು ಬರೀಬೇಕ?" ಎಂದರು ಅಜ್ಜಿ.

ಬರೆದದ್ದು ಅರ್ಧ ಹಾಡು. ಉಳಿದರ್ಧ ಬರೆದವರ ಬಾಯಲ್ಲಿ, ಕೇಳಿದವರ ಕಿವಿಯಲ್ಲಿ. ಗೀಗಿ ಮೇಳಗಳಲ್ಲಿ ಹರದೇಶಿ, ನಾಗೇಶಿ ಎಂದು ಎರಡು ಪಂಗಡ. ಒಂದು ಗಂಡು ಹೆಚ್ಚು ಎಂದು ವಾದಿಸಿದರೆ ಇನ್ನೊಂದು ಹೆಣ್ಣು ಹೆಚ್ಚು ಎನ್ನುತ್ತದೆ. ದಪ್ಪು, ತುಂತುಣಿ ಹಿಡಿದು ರಾತ್ರಿಯಿಡೀ ಸವಾಲ್-ಜವಾಬು. ಎದುರಾಳಿಗೆ ತಮ್ಮ ಪದ ಸಿಗಬಾರದಲ್ಲ, ಅದಕ್ಕೆ ವಹಿಯನ್ನು ಬಚ್ಚಿಡುತ್ತಿದ್ದರು ಎಂದು ಅಜ್ಜಿಯೂ ಹೇಳಿದರು. ಅಟ್ಟಕ್ಕೆ ಅದು ಹೇಗೆ ಹೋಯಿತು ಎನ್ನುವುದಕ್ಕೆ ಇಷ್ಟು ಸಾಕು.

ಬರೆದದ್ದು ಅರ್ಧವಾಗುವುದು ನಮ್ಮಲ್ಲಿ ಮಾತ್ರವೇ? ರಷ್ಯಾ ದೇಶದ ಹಳೆಯ ಚರ್ಚುಗಳ ಕೈಬರಹದ ಹಾಡಿನ ಪುಸ್ತಕಗಳನ್ನು ನೋಡಿ. ಅಕ್ಷರ ಸಿರಿಲಿಕ್. ಅದರ ಸಾಲುಗಳ ಮೇಲೆ ಕೊಕ್ಕೆ, ಕೊಂಡಿ, ಚುಕ್ಕಿಗಳಂಥ ಗುರುತುಗಳ ಮೆರವಣಿಗೆ. ಅವಕ್ಕೆ ಅವರು ಕರೆಯುವ ಹೆಸರೇ 'ಕ್ರ್ಯುಕಿ', ಅಂದರೆ ಕೊಕ್ಕೆಗಳು. ಆ ಕೊಕ್ಕೆ ರಾಗವನ್ನು ಕಲಿಸುವುದಿಲ್ಲ, ಗುರುವಿನ ಬಾಯಿಂದ ಕಲಿತವನಿಗೆ ನೆನಪು ಮಾಡುತ್ತದೆ. ದೇವರ ಹೆಸರಿನಂಥ ಪವಿತ್ರ ಶಬ್ದಗಳನ್ನು ಪೂರ್ತಿ ಬರೆಯದೆ ಒಂದೆರಡು ಅಕ್ಷರ ಬರೆದು ಮೇಲೊಂದು ಗೆರೆ ಎಳೆಯುತ್ತಾರೆ. ನಮ್ಮ ಎರಡು ಗೆರೆಯ ನಡುವಿನ 'ಪ' ನೆನಪಾಯಿತೇ? 17ನೆಯ ಶತಮಾನದಲ್ಲಿ ಅವರಿಗೆ ಭಯ ಹತ್ತಿತು, ಹಾಡು ಮರೆತುಹೋಗುತ್ತಿದೆ ಎಂದು. ಆಗ ಕೊಕ್ಕೆಗಳ ಪಕ್ಕ ಕೆಂಪು ಶಾಯಿಯಲ್ಲಿ ಪುಟ್ಟ ಅಕ್ಷರಗಳನ್ನು ಸೇರಿಸಿ ಸ್ವರದ ಎತ್ತರ ತೋರಿಸಿದರು. 1668ರಲ್ಲಿ ಮೆಜೆನೆಟ್ಸ್ ಎಂಬ ಸನ್ಯಾಸಿ ಇದಕ್ಕೊಂದು ಕೈಪಿಡಿಯನ್ನೇ ಬರೆದ. ಕೆಂಪು ಗುರುತು ಇರುವ ಪುಸ್ತಕಗಳನ್ನು ವಿದ್ವಾಂಸರು ಇಂದು ಹಾಡಿ ತೋರಿಸಬಲ್ಲರು. ಅದಕ್ಕಿಂತ ಹಳೆಯವು ಚೆಂದವಾಗಿ, ಸ್ಪಷ್ಟವಾಗಿ, ಒಂದಕ್ಷರವೂ ಮಾಸದೆ ಉಳಿದಿದ್ದರೂ ಅವನ್ನು ಖಚಿತವಾಗಿ ಹಾಡುವವರಿಲ್ಲ. ಅದೇ ಕಾಲದಲ್ಲಿ ಚರ್ಚಿನ ಸುಧಾರಣೆ ಒಪ್ಪದೆ ಬೇರೆಯಾದ ಹಳೆ ನಂಬಿಕೆಯ ಒಂದು ಪಂಗಡ ಮಾತ್ರ ಈ ಪುಸ್ತಕಗಳನ್ನು ಕೈಯಿಂದಲೇ ನಕಲು ಮಾಡುತ್ತ, ಮಕ್ಕಳಿಗೆ ಬಾಯಿಂದಲೇ ಕಲಿಸುತ್ತ ಬಂದಿದೆ.

ನಮ್ಮ ದಾಸರ ಪದಗಳ ಕಥೆಯೂ ಬೇರೆಯಲ್ಲ. ಮನೆಮನೆಯ ಕೈಬರಹದ ಪುಸ್ತಕಗಳಲ್ಲಿ ರಾಗದ ಹೆಸರು, ತಾಳದ ಹೆಸರು ಇದೆ. ಪುರಂದರದಾಸರು ಹಾಡಿದ ಧಾಟಿ ಎಲ್ಲಿದೆ? ಈಗ ನಾವು ಕೇಳುವುದು ಬಹುಪಾಲು ಆಮೇಲಿನವರು ಕೂಡಿಸಿದ್ದು. ಹರ್ಮನ್ ಮೋಗ್ಲಿಂಗ್ 1850ರಲ್ಲಿ ಮಂಗಳೂರಿನಲ್ಲಿ ದಾಸರ ಪದಗಳನ್ನು ಅಚ್ಚು ಹಾಕಿಸಿದರು. ಪದ ಉಳಿಯಿತು. ಧಾಟಿಯನ್ನು ಅಚ್ಚಿನ ಮೊಳೆ ಹಿಡಿಯಲಾರದು.

ಬೆಳಗಾವಿ ಸೀಮೆಯ ಲಾವಣಿಗಳ ವಿಷಯದಲ್ಲೂ ಇದೇ ಆಯಿತು. ಜಾನ್ ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿ ನಮ್ಮ ಶಾಸನಗಳನ್ನು ಓದಿದವರು. ಖಾನಾಪುರ ತಾಲೂಕಿನ ಹಲಸಿಯಲ್ಲಿ ಸಿಕ್ಕ ಕದಂಬರ ತಾಮ್ರಪಟಗಳನ್ನು ಪ್ರಕಟಿಸಿದವರೂ ಅವರೇ. ತಾಮ್ರ ಮಣ್ಣಿನಲ್ಲಿ ಒಂದೂವರೆ ಸಾವಿರ ವರ್ಷ ತಾಳಿಕೊಂಡಿತ್ತು. 1880ರ ದಶಕದಲ್ಲಿ ಫ್ಲೀಟ್ 'ಇಂಡಿಯನ್ ಆಂಟಿಕ್ವರಿ' ಎಂಬ ಪತ್ರಿಕೆಯಲ್ಲಿ ಕನ್ನಡ ಲಾವಣಿಗಳನ್ನೂ ಅಚ್ಚಿಗೆ ತಂದರು. ಸಂಗೊಳ್ಳಿ ರಾಯಣ್ಣನದು, ಸಂಗ್ಯಾನದು, ಹಲಗಲಿ ಬೇಡರದು. ಹತ್ತನೆಯ ತರಗತಿಯ ಅಣ್ಣ-ಅಕ್ಕಂದಿರ ಕನ್ನಡ ಪುಸ್ತಕದಲ್ಲಿ ಹಲಗಲಿ ಬೇಡರ ಲಾವಣಿ ಪಾಠವಾಗಿ ಬಂದದ್ದು ಹೀಗೆ ಉಳಿದದ್ದರಿಂದಲೇ. ರಾಯಣ್ಣನನ್ನು 1831ರ ಜನವರಿ 26ರಂದು ಗಲ್ಲಿಗೇರಿಸಿದ ನಂದಗಡವೂ ಇದೇ ಖಾನಾಪುರ ತಾಲೂಕಿನಲ್ಲಿದೆ. ಅವನ ಸಮಾಧಿಯ ಬಳಿಯ ಆಲದ ಮರವನ್ನು ನೀವು ನೋಡಿರಬಹುದು. ಪುಸ್ತಕದಲ್ಲಿ ಆ ಲಾವಣಿಗಳನ್ನು ಓದುತ್ತೇವೆ, ಪರೀಕ್ಷೆಗೆ ಕಂಠಪಾಠ ಮಾಡುತ್ತೇವೆ. ಮೇಳದವರು ಎತ್ತುವ ದನಿಯಲ್ಲಿ ಕೇಳಿದವರು ನಿಮ್ಮ ತರಗತಿಯಲ್ಲಿ ಎಷ್ಟು ಮಂದಿ?

ಅದಕ್ಕೇ ನಮ್ಮ ಹುಡುಗಿಯ ಮನೆಯಲ್ಲಿ ಆದ ಕೆಲಸವನ್ನು ಇಷ್ಟು ಉದ್ದಕ್ಕೆ ಹೇಳುತ್ತಿದ್ದೇನೆ. ಮೂರು ಭಾನುವಾರ ಹಿಡಿಯಿತು. ಮೊದಲು ಹುಡುಗಿಯ ಅಪ್ಪ ವಹಿಯ ಎಲ್ಲ ಹಾಳೆಗಳ ಫೋಟೋ ತೆಗೆದರು, ಖಾಲಿ ಹಾಳೆ, ರಟ್ಟು, ಸುತ್ತಿದ ಬಟ್ಟೆ ಸಹಿತ. ಬಾಗಿಲ ಬಳಿ ಬರುವ ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ, ಅಳತೆ ತಿಳಿಯಲು ಪಕ್ಕಕ್ಕೆ ಕಂಪಾಸು ಪೆಟ್ಟಿಗೆಯ ಪಟ್ಟಿ ಇಟ್ಟು. ಹರಿದ ಹಾಳೆಗೆ ಪ್ಲಾಸ್ಟಿಕ್ ಅಂಟುಪಟ್ಟಿ ಹಚ್ಚಲು ಹೊರಟಿದ್ದರು, ಬೇಡವೆಂದೆ. ಅದರ ಅಂಟು ಕೆಲವು ವರ್ಷಕ್ಕೆ ಹಳದಿಯಾಗಿ ಕಾಗದವನ್ನೇ ತಿನ್ನುತ್ತದೆ. ಲ್ಯಾಮಿನೇಶನ್ ಅಂತೂ ಬೇಡವೇ ಬೇಡ. ಖಾನಾಪುರದ ಮಳೆಗಾಲ ನಿಮಗೆ ಗೊತ್ತು, ಗೋಡೆಯೇ ಬೆವರುತ್ತದೆ. ಹಾಗಾಗಿ ವಹಿಯನ್ನು ಗೋಡೆಗೆ ತಾಗಿಸದೆ, ಒಗೆದು ಚೆನ್ನಾಗಿ ಒಣಗಿಸಿದ ಹತ್ತಿ ಬಟ್ಟೆಯಲ್ಲಿ ಸುತ್ತಿ ಕಪಾಟಿನ ಮೇಲಿನ ಹಲಗೆಯಲ್ಲಿ ಇಡಿಸಿದೆ. ಬಿಸಿಲಿಗೆ ಒಡ್ಡುವುದೂ ಬೇಡ, ಶಾಯಿ ಬಣ್ಣ ಬಿಡುತ್ತದೆ.

ಆಮೇಲೆ ಹುಡುಗ ಓದುವುದು, ಅಜ್ಜಿ ಹಾಡುವುದು, ಹುಡುಗಿ ಕನ್ನಡ ಅಕ್ಷರದಲ್ಲಿ ಹೊಸ ನೋಟುಬುಕ್ಕಿಗೆ ಇಳಿಸುವುದು. ಎಡಪುಟದಲ್ಲಿ ವಹಿಯಲ್ಲಿ ಇದ್ದದ್ದು ಇದ್ದ ಹಾಗೆ, ಬಲಪುಟದಲ್ಲಿ ಅಜ್ಜಿ ಹಾಡಿದ್ದು. ಎರಡೂ ಬೇರೆ ಬೇರೆ ಇರುವ ಕಡೆ ತಿದ್ದಬೇಡ, ಎರಡನ್ನೂ ಬರೆ ಎಂದು ಹೇಳಿದ್ದೆ. ಹುಡುಗಿಯ ಮಾಸ್ತರರು ಒಮ್ಮೆ ಬಂದು 'ಬರತಾಳ', 'ಹೋಗ್ಯಾನ' ಎಂದಿದ್ದನ್ನೆಲ್ಲ ಶುದ್ಧ ಮಾಡಲು ಕೆಂಪು ಪೆನ್ನು ತೆಗೆದರು. ಪೆನ್ನನ್ನು ಮೆಲ್ಲಗೆ ಜೇಬಿಗೆ ವಾಪಸು ಇಡಿಸಿದೆವು. ಮೊಬೈಲು ಫೋನು ಮೊರದ ಪಕ್ಕದಲ್ಲಿ ಧ್ವನಿ ಹಿಡಿಯುತ್ತಿತ್ತು. ಪ್ರತಿ ಹಾಡಿನ ಮೊದಲು ಹುಡುಗಿ ತಾರೀಖು, ಪುಟದ ಸಂಖ್ಯೆ ಹೇಳುತ್ತಿದ್ದಳು. ಇಲ್ಲದಿದ್ದರೆ ಯಾವ ದನಿ ಯಾವ ಹಾಳೆಯದು ಎಂದು ಹತ್ತು ವರ್ಷದ ಮೇಲೆ ಯಾರಿಗೆ ತಿಳಿಯಬೇಕು?

ಅಜ್ಜಿಗೆ ಕೆಲವು ಹಾಡು ನೆನಪಾಗಲಿಲ್ಲ. ಕೇಳಿದರೆ ಸುಮ್ಮನೆ ಅಂಗಳದ ಕಡೆ ನೋಡುತ್ತಿದ್ದರು. ಮಾರನೆಯ ದಿನ ಭಾಂಡೆ ತೊಳೆಯುವಾಗ ತಾನಾಗಿ ಬಂತು ಎಂದು ಹುಡುಗಿ ಫೋನು ಮಾಡಿದ್ದುಂಟು. ಕೆಲವು ಬರಲೇ ಇಲ್ಲ. ಬೆಳಗಾವಿಯ ಪಕ್ಕದ ಸುಳೇಭಾವಿಯಲ್ಲಿ ಹುಟ್ಟಿದ ಕುಮಾರ ಗಂಧರ್ವರು ದೂರದ ಮಾಳವದಲ್ಲಿ ಕಾಯಿಲೆ ಮಲಗಿದ್ದಾಗ ಅಲ್ಲಿನ ಹೆಂಗಸರ ಹಾಡುಗಳನ್ನು ಕಿವಿಗೊಟ್ಟು ಕೇಳಿ ಕೇಳಿ ಹಿಡಿದರಂತೆ. ಅಂಥ ಕಿವಿ ಎಲ್ಲರಿಗೂ ಇರುವುದಿಲ್ಲ. ಫೋನಿನ ಕಿವಿ ಎಲ್ಲರ ಮನೆಯಲ್ಲೂ ಇದೆ.

ಒಂದು ಲೆಕ್ಕ ಹೇಳಿಬಿಡುತ್ತೇನೆ. ನಮ್ಮ ದೇಶದ ಹಸ್ತಪ್ರತಿ ಮಿಷನ್ 2003ರಲ್ಲಿ ಶುರುವಾಯಿತು. ಅದರ ಪ್ರಕಾರ ಕೈಬರಹವನ್ನು ಹಸ್ತಪ್ರತಿ ಎನ್ನಲು ಕನಿಷ್ಠ 75 ವರ್ಷ ಹಳೆಯದಾಗಿರಬೇಕು. ನಂದನ ಸಂವತ್ಸರದ ಆ ಹಾಳೆಗೆ 2027ರ ಶ್ರಾವಣಕ್ಕೆ 75 ತುಂಬುತ್ತದೆ. ಅಜ್ಜಿಗೆ ಆಗಲೇ ಅದಕ್ಕಿಂತ ಹೆಚ್ಚಾಗಿದೆ, ಅವರನ್ನು ಯಾವ ಪಟ್ಟಿಯಲ್ಲೂ ಸೇರಿಸುವುದಿಲ್ಲ. ಈ ತಮಾಷೆಯನ್ನು ಅಜ್ಜಿಗೂ ಹೇಳಿದೆ. "ನನಗ ಹುಳ ಹತ್ತೂದಿಲ್ಲ ಬಿಡ್ರಿ" ಎಂದು ನಕ್ಕರು.

ವಹಿಯ ಕೊನೆಯ ಭಾಗದಲ್ಲಿ ಮೂರು ಹಾಡುಗಳಿವೆ. ಅಕ್ಷರ ಸ್ಪಷ್ಟ, ಅರ್ಥ ಸ್ಪಷ್ಟ. ಒಂದು ಮಳೆಗೆ ಮೊರೆಯಿಡುವುದು, ಒಂದು ಹೊಸ ಸೊಸೆಯದು, ಇನ್ನೊಂದು ಮಲಪ್ರಭೆಗೆ ಬಾಗಿನ ಕೊಡುವುದು. ಮೂರರ ತಲೆಯ ಮೇಲೂ "ನಂದಗಡ ಜಾತ್ರಿ ಚಾಲ" ಎಂದಿದೆ. ಅಜ್ಜಿಗೆ ಆ ಚಾಲ ಗೊತ್ತಿಲ್ಲ. ಅವರು ಸೊಸೆಯಾಗಿ ಬರುವ ಹೊತ್ತಿಗೆ ಮಾವ ಅದನ್ನು ಹಾಡುವುದು ಬಿಟ್ಟಿದ್ದರಂತೆ. ನಂದಗಡ, ಬೀಡಿ, ಹಲಸಿ, ಇಟಗಿ ಕಡೆಯ ಹಿರಿಯರು ಯಾರಾದರೂ ಇದನ್ನು ಕೇಳಿದ್ದರೆ ಮೊಮ್ಮಕ್ಕಳ ಕೈಯಲ್ಲಿ ಫೋನು ಕೊಟ್ಟು ಎರಡು ಸಾಲು ಗುನುಗಿ ಪತ್ರಿಕೆಯ ವಿಳಾಸಕ್ಕೆ ಕಳಿಸಿರಿ. ಪದ ಮರೆತಿದ್ದರೂ ನಡೆಯುತ್ತದೆ, ಪದ ನಮ್ಮ ಬಳಿ ಇದೆ. ಧಾಟಿ ಬಂದರೆ ಹುಡುಗಿಗೆ ತಲುಪಿಸುತ್ತೇನೆ. ಅವಳು ಬಲಪುಟ ಖಾಲಿ ಬಿಟ್ಟಿದ್ದಾಳೆ.